ಎರಡು ಸಲ ಕೇಳಿದ ಕೂಗು

ಗಜೇಂದ್ರಗಡದ ಆ ಮನೆಯ ಗೋಡೆಗಳಲ್ಲಿ ನಾವು ಇಪ್ಪತ್ತಮೂರು ತೂತು ಕೊರೆಯಬೇಕಿತ್ತು. ಇಪ್ಪತ್ತೆರಡು ನನಗೆ ಮರೆತುಹೋಗಿವೆ.

ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷ ಅದು. ಊರಿಗೆ ಕಂಬ ಬಂದಿದ್ದವು, ತಂತಿ ಅರ್ಧ ಬಂದಿತ್ತು, ಕರೆಂಟು ಬಂದಿರಲಿಲ್ಲ. ಅಡತಿ ಅಂಗಡಿಯ ಯಜಮಾನರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕರೆಂಟು ಊರಬಾಗಿಲ ಅಗಸಿ ದಾಟಿದ ದಿನವೇ ತಮ್ಮ ನಡುಮನೆಯಲ್ಲಿ ದೀಪ ಹತ್ತಬೇಕು, ಅದಕ್ಕೆ ಮನೆಯ ವಾಯರಿಂಗ್ ಮೊದಲೇ ಮುಗಿದಿರಬೇಕು ಎಂದು ಹುಬ್ಬಳ್ಳಿಯ ಗುತ್ತಿಗೆದಾರರನ್ನು ಕರೆಸಿದ್ದರು. ಗುತ್ತಿಗೆದಾರರ ಕೈಕೆಳಗೆ ಮಿಸ್ತ್ರಿ, ಮಿಸ್ತ್ರಿಯ ಕೈಕೆಳಗೆ ನಾನು. ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಅದಕ್ಕೇ ಇರಬೇಕು, ಮೇಲಿನವರನ್ನೆಲ್ಲ ಅಣಕಿಸುವುದು ನನ್ನ ಪಾಲಿಗೆ ಬಂದ ಅಧಿಕಾರ ಎಂದು ತಿಳಿದಿದ್ದೆ.

ಗುತ್ತಿಗೆದಾರರು ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಿದ್ದರು. ಮೂರನೆಯ ಕೆಮ್ಮಿನಲ್ಲಿ ಬೈಗುಳ ಬರುತ್ತದೋ ಹೊಗಳಿಕೆ ಬರುತ್ತದೋ ಎಂಬುದನ್ನೂ ನಾನು ಕೆಮ್ಮಿ ತೋರಿಸಬಲ್ಲವನಾಗಿದ್ದೆ. ಯಜಮಾನರು ಸಿಟ್ಟು ಬಂದಾಗ ಮೂಗಿನಿಂದ ಮಾತಾಡುತ್ತಿದ್ದರು, ಅದೂ ಬರುತ್ತಿತ್ತು. ರೋಣದ ಬಸ್ಸಿನ ಕಂಡಕ್ಟರನ ಕೂಗು ಹಾಕಿದರೆ ಮನೆಯ ಹೆಣ್ಣುಮಕ್ಕಳು ಗಂಟು ಎತ್ತಿಕೊಂಡು ಕಟ್ಟೆಗೆ ಬರುತ್ತಿದ್ದರು. ನನ್ನ ಸ್ವಂತ ದನಿ ಮಾತ್ರ ಬಿರಿದ ಪೀಪಿಯ ಹಾಗೆ ಇತ್ತು. ಅದನ್ನು ಹೊರಗೆ ತೆಗೆಯಲು ನನಗೇ ಮನಸ್ಸಾಗುತ್ತಿರಲಿಲ್ಲ. ಬೇರೆಯವರದನ್ನು ಕಡ ತಂದು ದಿನ ನೂಕುತ್ತಿದ್ದೆ.

ಮಿಸ್ತ್ರಿಯನ್ನು ನಾನು ಕಾಕಾ ಅನ್ನುತ್ತಿದ್ದೆ. ಮುಶಿಗೇರಿಯವರು. ಐವತ್ತು ದಾಟಿದ್ದರು. ಮುಂಗೈ ಮಾತ್ರ ಇಪ್ಪತ್ತರ ಹುಡುಗನದು. ಅವರು ಗೋಡೆ ಕೊರೆಯುತ್ತಿದ್ದುದು ಜಂಪರಿನಲ್ಲಿ. ಮೊಳಕ್ಕಿಂತ ಒಂದು ಗೇಣು ಉದ್ದದ ಉಕ್ಕಿನ ಸರಳು, ತುದಿಗೆ ನಾಲ್ಕು ಹಲ್ಲು. ಎಡಗೈಯಲ್ಲಿ ಹಿಡಿದು ಬಲಗೈಯ ಸುತ್ತಿಗೆಯಿಂದ ಹೊಡೆಯಬೇಕು, ಪ್ರತಿ ಹೊಡೆತಕ್ಕೂ ಸರಳನ್ನು ಸ್ವಲ್ಪ ತಿರುಗಿಸಬೇಕು. ತಿರುಗಿಸುವುದು ಮರೆತರೆ ಹಲ್ಲು ಕಲ್ಲಿನಲ್ಲಿ ಕೂತುಬಿಡುತ್ತದೆ. ನಿಚ್ಚಣಿಕೆಯ ಮೇಲಿಂದ ಜಂಪರು ಜಾರಿದರೆ ಕೆಳಗಿದ್ದವನ ತಲೆ ಹೋಗುತ್ತದೆ. ಕೆಳಗಿರುತ್ತಿದ್ದವನು ನಾನು. ಅದಕ್ಕೆ ಕಾಕಾ ಜಂಪರಿನ ಹಿಂಬದಿಗೆ ಸೆಣಬಿನ ಹುರಿ ಕಟ್ಟಿ, ಹುರಿಯ ಇನ್ನೊಂದು ತುದಿಯನ್ನು ತಮ್ಮ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಮೇಲೆ ಹತ್ತುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಸಲವೂ ಹುರಿ ಕಟ್ಟದೆ ಹತ್ತಿದವರಲ್ಲ.

ಆ ಮನೆಯ ಗೋಡೆ ಮೊಳದಷ್ಟು ದಪ್ಪ. ಹೊರಗೊಂದು ಕೆಂಗಲ್ಲಿನ ಪದರ, ಒಳಗೊಂದು ಪದರ, ನಡುವೆ ಮಣ್ಣು ಮತ್ತು ಕಲ್ಲಿನ ಚೂರು. ಒಂದು ಕೋಣೆಯಿಂದ ಇನ್ನೊಂದಕ್ಕೆ ತಂತಿ ಒಯ್ಯಬೇಕಾದರೆ ಮೂರನ್ನೂ ದಾಟಿ ತೂತು ಹೊಡೆದು ಪಿಂಗಾಣಿಯ ಕೊಳವೆ ಕೂಡಿಸಬೇಕು. ಕಲ್ಲಿನಲ್ಲಿರುವಾಗ ಜಂಪರು ಟಣ್ ಅನ್ನುತ್ತದೆ. ಕಲ್ಲು ಮುಗಿಯುವ ಮುಂಚೆ ಠಕ್ ಅಂತ ದನಿ ಒಣಗುತ್ತದೆ. ಮಣ್ಣಿಗೆ ಬಿದ್ದ ಕೂಡಲೇ ಡಬ್. ಆ ಡಬ್ ಕೇಳಿದ ತಕ್ಷಣ ಕೈ ನಿಲ್ಲಬೇಕು. ಮಣ್ಣಿನಲ್ಲಿ ಸರಳು ಕೆಳಗೆ ಬಾಗುತ್ತದೆ, ಹಾಗೆಯೇ ಮುಂದೆ ಹೊಡೆದರೆ ಒಳಪದರದ ಕಲ್ಲಿಗೆ ಓರೆಯಾಗಿ ತಾಗಿ ಸಿಕ್ಕಿಕೊಳ್ಳುತ್ತದೆ. ಕಾಕಾ ಆಗ ಸರಳು ಎತ್ತಿ ಹಿಡಿದು, ಮತ್ತೆ ಟಣ್ ಬರುವವರೆಗೆ ಹುಷಾರಾಗಿ ತಟ್ಟುತ್ತಿದ್ದರು. ನನಗೆ ಈ ಮೂರು ದನಿ ಮೊದಲು ಬಾಯಿಗೆ ಬಂದವು, ಕೈಗೆ ಆಮೇಲೆ. ಊಟಕ್ಕೆ ಕೂತಾಗ ನಾನು ಬಾಯಲ್ಲೇ ಒಂದು ತೂತು ಪೂರಾ ಕೊರೆದು ತೋರಿಸಿದರೆ ಕಾಕಾ ರೊಟ್ಟಿ ಮುರಿಯುತ್ತ, ನಿನ್ನ ಬಾಯಿ ಮಿಸ್ತ್ರಿ ಆಗೇತಿ, ಕೈ ಇನ್ನೂ ಕೂಲಿ ಐತಿ ಅನ್ನುತ್ತಿದ್ದರು.

ಇನ್ನೊಂದು ಮಾತು ಹೇಳಬೇಕು, ಎಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ಕಡೆ ದೀಪ ಆರಿಸು ಅನ್ನುವುದಿಲ್ಲ. ಆರುವುದು ಸಾವಿನ ಮನೆಯ ಮಾತು. ದೀಪ ದೊಡ್ಡದು ಮಾಡು ಅನ್ನುತ್ತೇವೆ. ಅಂದರೆ ಆರಿಸು ಎಂದೇ ಅರ್ಥ. ಎಲ್ಲ ಮನೆಗಳಲ್ಲೂ ಇದು ಹಣತೆ, ಕಂದೀಲುಗಳ ಮಟ್ಟಿಗೆ ಇದ್ದರೆ, ಕಾಕಾ ಅದನ್ನು ಕರೆಂಟಿಗೂ ತಂದಿದ್ದರು. ಕರೆಂಟು ದೀಪದ ತಾಯಿ ಎಂಬುದು ಅವರ ಲೆಕ್ಕ. ಹುಬ್ಬಳ್ಳಿಯಲ್ಲಿ ನಾವು ಕೆಲಸ ಮಾಡುವಾಗಲೂ ಮೇನ್ ಸ್ವಿಚ್ಚಿನ ಹತ್ತಿರ ನಿಂತ ನನಗೆ ಅವರು ಕೂಗುತ್ತಿದ್ದುದು ಒಂದೇ: "ದೊಡ್ಡದ ಮಾಡೋ." ನಾನು ಹಿಡಿಕೆ ಕೆಳಗೆ ಎಳೆಯುತ್ತಿದ್ದೆ. ಬಂದ್ ಎಂಬ ಶಬ್ದ ಅವರ ಬಾಯಿಂದ ನಾನು ಕೇಳಿದ್ದೇ ಇಲ್ಲ.

ಹತ್ತೊಂಬತ್ತು ತೂತುಗಳನ್ನು ನಾವು ಕೈಯಲ್ಲೇ ಹೊಡೆದೆವು. ದಿನಕ್ಕೆ ಎರಡು, ಪುಣ್ಯವಿದ್ದರೆ ಮೂರು. ಆಗ ಒಂದು ಮುಂಜಾನೆ ಗುತ್ತಿಗೆದಾರರು ಮೂರು ಸಲ ಕೆಮ್ಮಿ, ಹಿತ್ತಲಿಗೆ ಒಂದು ಕೈಗಾಡಿ ತಂದು ನಿಲ್ಲಿಸಿದರು. ಗಾಡಿಯ ಮೇಲೆ ಎಣ್ಣೆಯ ಇಂಜಿನ್, ಅದಕ್ಕೆ ಪಟ್ಟಾ ಹಾಕಿ ಕೂಡಿಸಿದ ಡೈನಮೋ. ಡೈನಮೋದಿಂದ ಕರಿಯ ಹಾವಿನಂಥ ವಾಯರು. ವಾಯರಿನ ತುದಿಯಲ್ಲಿ ಎರಡು ಹಿಡಿಕೆಯ, ಹಂದಿಮರಿಯಷ್ಟು ಭಾರದ ಒಂದು ಯಂತ್ರ. ಊರಿಗೆ ಕರೆಂಟು ಬರುವ ಮುಂಚೆ ಗೋಡೆ ಕೊರೆಯುವ ಕರೆಂಟಿನ ಗಿರಮಿಟ್ ಬಂದಿತ್ತು. ತಿನ್ನುವ ಮಂಡಕ್ಕಿ ಗಿರಮಿಟ್ಟು ಅಂತ ತಿಳಿದು ಯಜಮಾನರ ಮೊಮ್ಮಕ್ಕಳು ಓಡಿ ಬಂದು ನಿರಾಶರಾದರು.

ಇಂಜಿನ್ ನಡೆಸುವವನು ಹುಬ್ಬಳ್ಳಿಯ ಕಡೆಯವನೇ, ಮೂವತ್ತರ ಆಳು. ಊರೂರು ತಿರುಗುವ ಡೇರೆ ಸಿನೆಮಾದಲ್ಲಿ ಏಳು ವರ್ಷ ಡೈನಮೋ ನೋಡಿಕೊಂಡಿದ್ದವನು. ನನ್ನ ಅಣಕಗಳನ್ನು ಕೇಳಿ ಅವನಷ್ಟು ನಕ್ಕವರು ಯಾರೂ ಇಲ್ಲ. ಹಾಗಾಗಿ ಅವನನ್ನು ನಾನು ಒಂದೇ ದಿನದಲ್ಲಿ ಅಣ್ಣಾ ಅನ್ನತೊಡಗಿದೆ.

ಗಿರಮಿಟ್ಟಿನ ಬಲಗೈ ಹಿಡಿಕೆಯಲ್ಲಿ ಒಂದು ಗುಂಡಿ ಇತ್ತು, ಒತ್ತಿದರೆ ತಿರುಗುತ್ತದೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಗುಂಡಿ. ಅದನ್ನೂ ಒತ್ತಿದರೆ ಬೆರಳು ತೆಗೆದರೂ ಯಂತ್ರ ನಿಲ್ಲುವುದಿಲ್ಲ. ಇಂಜಿನ್ ಜೋರು ಮಾಡಿದಷ್ಟೂ ಗಿರಮಿಟ್ಟಿಗೆ ಬಲ ಹೆಚ್ಚು. ಗುತ್ತಿಗೆದಾರರು ಇಷ್ಟು ಹೇಳಿಕೊಟ್ಟು, ಇಂಜಿನ್ ಸಣ್ಣಗೆ ಇಟ್ಟುಕೊಂಡೇ ಕೆಲಸ ಮಾಡ್ರಿ ಎಂದು ಎಚ್ಚರಿಸಿ ಬಸ್ಸು ಹತ್ತಿದರು.

ಇಪ್ಪತ್ತನೆಯ ತೂತಿಗೆ ಕಾಕಾ ನಿಚ್ಚಣಿಕೆ ಹತ್ತಿದಾಗ ನಾನು ನೋಡಿದೆ: ಗಿರಮಿಟ್ಟಿನ ಹಿಡಿಕೆಗೆ ಸೆಣಬಿನ ಹುರಿ, ಹುರಿಯ ತುದಿ ಅವರ ಬಲ ಮಣಿಕಟ್ಟಿಗೆ ಎರಡು ಸುತ್ತು. ನನಗೆ ಏನೋ ಸರಿಯಿಲ್ಲ ಅನಿಸಿತು. ಅನಿಸಿದ್ದನ್ನು ಹೇಳುವ ಬದಲು, ಎಮ್ಮೆ ಕಟ್ಟಿದವ ಹಗ್ಗ ಕೈಗೆ ಸುತ್ತಿಕೊಂಡರೆ ಎಮ್ಮೆ ಓಡಿದಾಗ ಯಾರು ಯಾರನ್ನು ಮೇಯಿಸುತ್ತಾರೆ ಎಂದು ಯಜಮಾನರ ಮೂಗಿನ ದನಿಯಲ್ಲಿ ಕೇಳಿದೆ. ಕಾಕಾ ನಕ್ಕರು. ಹುರಿ ಹಾಗೆಯೇ ಉಳಿಯಿತು.

ಅರ್ಧ ದಿನದ ಕೆಲಸ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು. ಗೋಡೆಯ ಆ ಕಡೆಯಿಂದ ಬೆಳಕು ಬಂದದ್ದನ್ನು ಕಂಡು ಕಾಕಾ ತೂತಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡುತ್ತ ನಿಂತರು. ಇಳಿದು ಬಂದವರು ಖುಷಿಯಾಗಿರಲಿಲ್ಲ. ಅವರು ಅಂದದ್ದು ಇಷ್ಟೇ: "ಏನೂ ಕೇಳ್ಸಲಿಲ್ಲಲೇ. ಕಲ್ಲು ಯಾವಾಗ ಮುಗೀತು, ಮಣ್ಣ ಯಾವಾಗ ಬಂತು, ಏನೂ ಹೇಳಲಿಲ್ಲ ಗೋಡಿ."

ಇಪ್ಪತ್ತೊಂದು, ಇಪ್ಪತ್ತೆರಡೂ ಹಾಗೆಯೇ ಮುಗಿದವು. ಅವು ಹೊರಗೋಡೆಯ ತೂತುಗಳಾದ್ದರಿಂದ ಹಿತ್ತಲಲ್ಲಿದ್ದ ಇಂಜಿನಿನವನಿಗೆ ನಾನು ಕಾಣುತ್ತಿದ್ದೆ. ಕೈ ಎತ್ತಿದರೆ ಹಚ್ಚುತ್ತಿದ್ದ, ಕೈ ಇಳಿಸಿದರೆ ನಿಲ್ಲಿಸುತ್ತಿದ್ದ. ಇಪ್ಪತ್ತಮೂರನೆಯದು ನಡುಮನೆಯ ಒಳಗೋಡೆಯಲ್ಲಿ. ಅಲ್ಲಿಂದ ಹಿತ್ತಲು ಕಾಣುವುದಿಲ್ಲ. ಹಾಗಾಗಿ ನಾನು ಪಡಸಾಲೆಯ ಬಾಗಿಲಲ್ಲಿ ನಿಂತೆ. ಕಾಕಾನ ಬೆನ್ನು ನನಗೆ ಕಾಣುತ್ತಿತ್ತು. ಇಂಜಿನಿನವನಿಗೆ ನನ್ನ ಕೂಗು ಮಾತ್ರ ಕೇಳುತ್ತಿತ್ತು.

ಮೊದಲ ಸಲ ನಿಲ್ಲಿಸಬೇಕಾದಾಗ ನಾನು ಗುತ್ತಿಗೆದಾರರಂತೆ ಮೂರು ಸಲ ಕೆಮ್ಮಿ ಬಂದ್ ಮಾಡೋ ಅಂದೆ. ಹಿತ್ತಲಿನಿಂದ ನಗು ಬಂತು. ಎರಡನೆಯ ಸಲ ಯಜಮಾನರ ಮೂಗಿನಿಂದ ಅಂದೆ. ಇಂಜಿನ್ ನಿಂತ ಮೇಲೆ ಅವನು ಅಲ್ಲಿಂದಲೇ, ಎಲ್ಲಾರೂ ಬಂದು ಹೋದರು, ಮಿಸ್ತ್ರಿ ಒಬ್ಬರು ಬರಲಿಲ್ಲ ಎಂದು ಕೂಗಿದ. ಬರತಾರ, ತಡಿ ಅಂದೆ ನಾನು.

ಮೂರನೆಯ ಸಲ ಇಂಜಿನ್ ಹಚ್ಚಿದ ಮೇಲೆ ಕಾಕಾ ಬೆರಳು ಸೋತಿತೆಂದು ಆ ಸಣ್ಣ ಗುಂಡಿ ಒತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಗಿರಮಿಟ್ಟಿನ ಸದ್ದು ಒಮ್ಮೆಲೇ ಕೆಳಗಿಳಿದು ಗುಂಯ್ ಅಂತ ನಿಂತಿತು. ಮಣ್ಣು ದಾಟಿ ಒಳಪದರದ ಕಲ್ಲಿಗೆ ಸರಳು ಓರೆಯಾಗಿ ಸಿಕ್ಕಿತ್ತು. ಸರಳು ತಿರುಗಲಾರದೆ ಯಂತ್ರವೇ ತಿರುಗಲು ನೋಡುತ್ತಿತ್ತು. ಕಾಕಾ ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದಿದ್ದರು. ಹುರಿ ಬಿಗಿದಿತ್ತು. ಗುಂಡಿ ಬಿಡಿಸಲು ಬೆರಳು ಹೋಗುತ್ತಿರಲಿಲ್ಲ. ಇಂಜಿನ್ ಸಣ್ಣಗೆ ಇದ್ದದ್ದರಿಂದ ಅಷ್ಟು ಹೊತ್ತು ಹಿಡಿಯುವುದಾದರೂ ಆಯಿತು. ಅವರು ತಿರುಗಿ ನೋಡದೆಯೇ ಕೂಗಿದರು:

"ದೊಡ್ಡದ ಮಾಡೋ."

ಆ ಕೂಗು ಎಂದಿನ ಹಾಗಿರಲಿಲ್ಲ. ಕೊನೆಯಲ್ಲಿ ಅದು ಸ್ವಲ್ಪ ಮೇಲೆದ್ದು ಒಡೆದಿತ್ತು. ಎಷ್ಟು ಚಲೋ ಒಡೆದಿದೆ ಅಂತ ನನಗೆ ಅನಿಸಿದ್ದು ನನಗೆ ನೆನಪಿದೆ. ಅದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ನಾನು ಹಿತ್ತಲ ಕಡೆ ತಿರುಗಿ, ಅದೇ ದನಿ, ಅದೇ ಒಡಕು, ಒಂದು ಎಳೆಯೂ ಹೆಚ್ಚು ಕಡಿಮೆ ಇಲ್ಲದೆ ಕೂಗಿದೆ:

"ದೊಡ್ಡದ ಮಾಡೋ."

ಅರ್ಥ ನನಗೆ ಗೊತ್ತಿತ್ತು. ನಾನು ಅರ್ಥವನ್ನು ಕಳಿಸಲಿಲ್ಲ, ದನಿಯನ್ನು ಕಳಿಸಿದೆ.

ಡೇರೆ ಸಿನೆಮಾದಲ್ಲಿ ಪರದೆಯ ಮೇಲೆ ಚಿತ್ರ ಮಂಕಾದರೆ ಒಳಗಿನಿಂದ ಕೂಗುತ್ತಿದ್ದ ಮಾತೂ ಅದೇ. ದೊಡ್ಡದು ಮಾಡು ಎಂದರೆ ಇಂಜಿನ್ ಜೋರು ಮಾಡು. ಏಳು ವರ್ಷ ಆ ಮಾತಿಗೆ ಅವನ ಕೈ ಒಂದೇ ಕಡೆಗೆ ಹೋಗಿತ್ತು. ಮನೆಯಲ್ಲಿ ಅವನ ತಾಯಿ ಹಣತೆಯ ಮುಂದೆ ಅದೇ ಮಾತು ಅಂದಿದ್ದರೆ ಅವನು ಊದಿ ಆರಿಸುತ್ತಿದ್ದ. ಇಂಜಿನಿನ ಮುಂದೆ ಅವನು, ಆ ಒಡಕು ಕೇಳಿ ಇದು ಅಣಕವಲ್ಲ, ಮಿಸ್ತ್ರಿಯೇ ಎಂದು ನಂಬಿ, ಎಣ್ಣೆಯ ಹಿಡಿಕೆಯನ್ನು ಪೂರಾ ಎಳೆದ.

ಇಂಜಿನ್ ಏರಿದ ಸದ್ದು, ಗಿರಮಿಟ್ಟು ತನ್ನನ್ನೇ ಸುತ್ತಿಕೊಂಡದ್ದು, ನಿಚ್ಚಣಿಕೆ ಜಾರಿದ್ದು ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ನಡುವೆ ಒಂದು ಸಣ್ಣ ಸದ್ದು ಬಂತು, ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ. ನನಗೆ ಎಲ್ಲ ಸದ್ದೂ ಮಾಡಲು ಬರುತ್ತದೆ. ಅದೊಂದನ್ನು ನಾನು ಮಾಡುವುದಿಲ್ಲ.

ಗದಗಿನ ದವಾಖಾನೆಯಲ್ಲಿ ಮಣಿಕಟ್ಟು ಎರಡು ಕಡೆ ಮುರಿದಿದೆ, ನರಕ್ಕೂ ಪೆಟ್ಟಾಗಿದೆ, ಬಲಗೈ ಮೊದಲಿನಂತೆ ಆಗುವುದಿಲ್ಲ ಎಂದರು. ಗುತ್ತಿಗೆದಾರರು ಬಂದು ಎಲ್ಲರನ್ನೂ ವಿಚಾರಿಸಿದರು. ಇಂಜಿನಿನವನು ತಲೆ ತಗ್ಗಿಸಿ, ಮಿಸ್ತ್ರಿ ದೊಡ್ಡದು ಮಾಡು ಅಂದರು, ಮಾಡಿದೆ ಎಂದ. ಕಾಕಾ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ, ಹೌದು, ಅಂದೆ ಎಂದರು. ನನ್ನನ್ನು ಕೇಳಿದಾಗ ನಾನು ಏನನ್ನೂ ಹೇಳಲಿಲ್ಲ. ಗುತ್ತಿಗೆದಾರರು ಈ ಸಲ ಕೆಮ್ಮಲಿಲ್ಲ.

"ನಿಲ್ಲಸು ಅನ್ನಾಕ ಬಾಯಿ ಬರದವ್ರ ಕೈಯಾಗ ಮಷೀನ ಕೊಟ್ಟಿದ್ದು ನಂದ ತಪ್ಪು," ಎಂದರು. ಕೈ ಕೂಡಿದ ಮೇಲೂ ಮಿಸ್ತ್ರಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿಯೇ ಹೇಳಿಬಿಟ್ಟರು. ಗಿರಮಿಟ್ಟನ್ನು ನನಗೆ ಕೊಟ್ಟರು.

ನಾನು ಬಾಯಿ ಬಿಟ್ಟಿದ್ದರೆ ಕಾಕಾನ ಕೆಲಸ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಊರಿಗೆಲ್ಲ ಬಾಯಿ ಕಡ ಕೊಡುತ್ತಿದ್ದವನಿಗೆ ಅವತ್ತು ಬಾಯಿ ಇರಲಿಲ್ಲ.

ಗಜೇಂದ್ರಗಡದ ಕೆಲಸ ಅರ್ಧಕ್ಕೆ ಬಿಟ್ಟು ನನ್ನನ್ನೂ ಇಂಜಿನಿನವನನ್ನೂ ನರಗುಂದದ ಒಬ್ಬ ಹತ್ತಿ ವ್ಯಾಪಾರಿಯ ಮನೆಗೆ ಕಳಿಸಿದರು. ಅಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. ಇಂಜಿನಿನವನೂ ನಗಲಿಲ್ಲ. ಊಟಕ್ಕೆ ಕೂತರೆ ಅರ್ಧ ರೊಟ್ಟಿ ಮಡಚಿ ಏಳುತ್ತಿದ್ದ. ಗಿರಮಿಟ್ಟು ಓಡುವಾಗ ಅದರ ಸದ್ದಿನ ಕೆಳಗೆ ನನಗೆ ಕಾಕಾನ ಕೂಗು ಕೇಳುತ್ತಿತ್ತು. ಯಂತ್ರ ನಿಂತರೆ ಅದೂ ನಿಲ್ಲುತ್ತಿತ್ತು, ಹಚ್ಚಿದರೆ ಮತ್ತೆ ಶುರು. ಹೊಸ ತೂತಿಗೆ ಕಣ್ಣಿಟ್ಟು ಆ ಕಡೆ ನೋಡುವುದನ್ನು ಬಿಟ್ಟುಬಿಟ್ಟೆ. ಆ ಕಡೆಯಿಂದ ಯಾರೋ ನೋಡುತ್ತಿದ್ದಾರೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಸರಳು ಕಲ್ಲಿಗೆ ತಾಗಿ ಸ್ವಲ್ಪ ಮಿಡುಕಿತು. ನಿಲ್ಲಿಸಬೇಕು ಎಂದು ಬಾಯಿ ತೆರೆದೆ. ಬಂದ್ ಅನ್ನಲು ಹೋದೆ. ಬಂದದ್ದು ಕಾಕಾನ ದನಿ, ಆ ಒಡಕಿನ ಸಮೇತ: "ದೊಡ್ಡ..."

ಅಷ್ಟರಲ್ಲಿ ಹಲ್ಲು ಕಚ್ಚಿದೆ. ಗಿರಮಿಟ್ಟು ತಕ್ಷಣ ನಿಂತಿತು. ನಾನು ಹೊರಗೆ ಓಡಿದೆ. ಇಂಜಿನಿನವನು ಪಟ್ಟಾವನ್ನು ಕೈಯಾರೆ ಕಿತ್ತು ಹಾಕಿ, ಅಂಗೈ ಸುಲಿದುಕೊಂಡು, ನೆಲಕ್ಕೆ ಕೂತಿದ್ದ. ಮುಖ ಬೂದಿಯಾಗಿತ್ತು.

"ಮಿಸ್ತ್ರಿ ಬಂದಾರೇನಲೇ?" ಎಂದ.

ಇಲ್ಲ, ನಾನೇ, ಬಾಯಿ ತಪ್ಪಿತು ಎಂದೆ.

"ಅವರ ದನಿ ಮಾಡಬ್ಯಾಡೋ ತಮ್ಮಾ. ನಿನ್ನ ಕಾಲ ಬೀಳತೇನಿ. ಆ ದನಿ ಕೇಳಿ ನಾ ಅವರ ಕೈ ಮುರದೇನಿ."

ಆಗ ಹೇಳಬಹುದಿತ್ತು. ಅವನ ಅಂಗೈಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ, ಹೇಳಲಿಲ್ಲ.

ಅಂದಿನಿಂದ ಕೆಲಸದ ರೀತಿ ಬದಲಿಸಿದೆ. ಹುರಿ ಇಲ್ಲ, ಸಣ್ಣ ಗುಂಡಿಯನ್ನು ಮುಟ್ಟುವುದಿಲ್ಲ. ನಾಲ್ಕು ಬೆರಳು ಆಳಕ್ಕೆ ಒಮ್ಮೆ ಗಿರಮಿಟ್ಟು ನಿಲ್ಲಿಸಿ, ಸರಳು ಹೊರಗೆ ತೆಗೆದು, ತೂತಿನೊಳಗೆ ಹಳೆಯ ಜಂಪರು ಇಟ್ಟು ಒಂದು ಪೆಟ್ಟು ಹೊಡೆದು ಕೇಳುವುದು. ಟಣ್ ಅಂದರೆ ಮುಂದೆ. ಠಕ್ ಅಂದರೆ ಇಂಜಿನ್ ಇನ್ನೂ ಸಣ್ಣಗೆ. ಡಬ್ ಅಂದರೆ ಯಂತ್ರ ಕೆಳಗಿಟ್ಟು, ಮಣ್ಣು ದಾಟುವವರೆಗೆ ಕೈಯಲ್ಲೇ. ತಡವಾಗುತ್ತಿತ್ತು. ಹತ್ತಿ ವ್ಯಾಪಾರಿ, ಎರಡೂ ಮಾಡಾಂವ ಒಂದರ ನೆಟ್ಟಗ ಮಾಡೋ ಎಂದು ಗೊಣಗಿದ. ನನಗೆ ಅದು ತಡವಲ್ಲ. ಗೋಡೆ ಮಾತಾಡುತ್ತಿದ್ದ ಹೊತ್ತಿನಲ್ಲಿ ಮಾತ್ರ ಆ ಕೂಗು ಸುಮ್ಮನಿರುತ್ತಿತ್ತು.

ನರಗುಂದದ್ದು ಮುಗಿಸಿ ಗಜೇಂದ್ರಗಡಕ್ಕೆ ಮರಳಿದಾಗ ಮೂರು ವಾರವಾಗಿತ್ತು. ಇಪ್ಪತ್ತಮೂರನೆಯ ತೂತಿನಲ್ಲಿ ಸರಳು ಸಿಕ್ಕಿದ ಹಾಗೆಯೇ ಇತ್ತು. ಗೋಡೆಯಿಂದ ಒಂದು ಗೇಣು ಹೊರಗೆ ಚಾಚಿತ್ತು. ಯಾರೋ ಅದಕ್ಕೆ ಟೊಪ್ಪಿಗೆ ತೂಗುಹಾಕಿದ್ದರು. ಗುಡ್ಡದ ಕಡೆಯಿಂದ ಗಾಳಿ ಬೀಸಿದಾಗ ಸರಳಿನ ಸುತ್ತಲಿನ ಸಂದಿಯಿಂದ ಸಣ್ಣಗೆ ಊಳಿಟ್ಟಂತೆ ಸದ್ದು ಬರುತ್ತಿತ್ತು. ಅದು ಕಾಕಾನ ಆ ಎರಡು ಪದವನ್ನೇ ಹೇಳುತ್ತಿತ್ತು ಅಂದರೆ ನೀವು ನನಗೆ ಹುಚ್ಚು ಅನ್ನುತ್ತೀರಿ. ಅನ್ನಿರಿ.

ಯಂತ್ರ ಮುಟ್ಟದೆ ಜಂಪರು ಹಿಡಿದು ಸರಳಿನ ಸುತ್ತಲ ಕಲ್ಲನ್ನು ಬಿಡಿಸತೊಡಗಿದೆ. ಯಜಮಾನರ ತಾಯಿ, ಕಣ್ಣು ಮಂಜಾದ ಆಯಿ, ನಡುಮನೆಯ ಕಂಬಕ್ಕೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದರು. ನನ್ನ ಸುತ್ತಿಗೆಯ ಲಯ ಕೇಳಿ, ಮಿಸ್ತ್ರಿ ಕೈ ನಿನಗ ಬಂದೈತಿ ಅಂದರು. ಆಮೇಲೆ ತಮಗೆ ಬಹಳ ದಿನದಿಂದ ತಿಳಿಯದೆ ಉಳಿದ ಒಂದು ಮಾತನ್ನು ಕೇಳುವವರ ಹಾಗೆ ಕೇಳಿದರು:

"ಅವತ್ತ ಮಿಸ್ತ್ರಿ ಎರಡ ಸಲ ಕೂಗಿದ್ನಲ್ಲಪಾ. ಒಂದ ಸಲ ಇಲ್ಲಿಂದ, ಒಂದ ಸಲ ಪಡಸಾಲ್ಯಾಗಿಂದ. ಗೋಡ್ಯಾಗ ಕೈ ಸಿಕ್ಕಾಂವ ಅಷ್ಟ ಲಗೂ ಅಲ್ಲಿಗೆ ಹ್ಯಾಂಗ ಹೋದ?"

ಸುತ್ತಿಗೆ ನಿಂತಿತು. ಆಯಿ ಮತ್ತೆ ಬತ್ತಿ ಹೊಸೆಯತೊಡಗಿದರು. ಆ ದಿನ ಸರಳು ಹೊರಬಂತು. ಹೊರಬರುವಾಗ ಸೆಣಬಿನ ಒಂದು ಎಳೆ ಅದಕ್ಕೆ ಸುತ್ತಿತ್ತು. ನಾನು ನಿಚ್ಚಣಿಕೆ ಇಳಿದು, ಕೈ ತೊಳೆದುಕೊಂಡು, ಮುಶಿಗೇರಿಯ ದಾರಿ ಹಿಡಿದೆ.

ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲೆ ಬೇರೆ ಯಾರದ್ದೋ ಸಾಮಾನಿನ ಹಾಗೆ ಇತ್ತು. ಎಡಗೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಕಟ್ಟೆಯ ಕಲ್ಲನ್ನು ತಟ್ಟುತ್ತಿದ್ದರು. ಎಡಗೈಗೆ ಸಾಲಿ ಕಲಸಾಕತ್ತೇನಿ, ಭಾಳ ದಡ್ಡ ಐತಿ ಎಂದು ನಕ್ಕರು. ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನು ಹತ್ತು ದನಿಯಲ್ಲಿ ಹೇಳಿ ನೋಡಿದ್ದೆ. ಅಲ್ಲಿ ನನ್ನ ಬಿರಿದ ಪೀಪಿಯೇ ಬಂತು.

"ಕಾಕಾ, ಅವತ್ತ ಇಂಜಿನ್ ಅಣ್ಣಗ ಕೇಳಿಸಿದ್ದು ನಿಮ್ಮ ಕೂಗ ಅಲ್ಲರಿ. ನಂದು. ನಿಮ್ಮ ದನಿ ತಗದು ಕೂಗಿದ್ನಿ."

"ಗೊತ್ತೈತಿ."

ಅವರ ಸುತ್ತಿಗೆ ನಿಲ್ಲಲಿಲ್ಲ.

"ನನ್ನ ದನಿ ನನಗ ಗುರ್ತ ಸಿಗೂದಿಲ್ಲೇನಲೇ? ಒಂದ ಸಲ ಕೂಗಿದ್ನಿ. ಎರಡ ಸಲ ಕೇಳಿತು."

ಹಾಗಾದರೆ ಗುತ್ತಿಗೆದಾರರು ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ. ನನ್ನ ಕೈ ಹೋಗಿತ್ತು, ನಿನ್ನವು ಇನ್ನೂ ಇದ್ದವು, ಇಬ್ಬರ ಅನ್ನವೂ ಯಾಕೆ ಹೋಗಬೇಕು ಅನಿಸಿತು ಎಂದರು. ಇಷ್ಟು ಹೇಳಿ ಬಹಳ ಹೊತ್ತು ಕಲ್ಲು ತಟ್ಟಿದರು. ನಾನು ದೊಡ್ಡ ಮನಸ್ಸಿನ ಮಾತು ಮುಗಿಯಿತು ಅಂದುಕೊಂಡು ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಸಿಟ್ಟ ಬಂದಿಲ್ಲಂತ ತಿಳೀಬ್ಯಾಡ. ದಿನಾ ಮುಂಜಾನೆ ಅಂಗಿ ಗುಂಡಿ ಹಾಕ್ಕೊಳ್ಳೂ ಮುಂದ ಬರತೈತಿ. ಅದನ್ನೂ ನೀ ಹೊತ್ಕೊಂಡ ಹೋಗು."

ಆಮೇಲೆ ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು.

"ಈಗ ನನ್ನ ದನಿಯಾಗ ಒಂದ ಮಾತ ಅನ್ನು. ಬಂದ್ ಮಾಡು ಅನ್ನು."

ಬಾಯಿ ತೆರೆದೆ. ಏನೂ ಬರಲಿಲ್ಲ. ಮತ್ತೊಮ್ಮೆ ನೋಡಿದೆ. ಆ ಶಬ್ದವನ್ನು ಅವರು ನನ್ನ ಎದುರು ಎಂದೂ ಆಡಿರಲಿಲ್ಲ. ಕೇಳದ್ದನ್ನು ಅಣಕಿಸುವ ವಿದ್ಯೆ ನನಗಿರಲಿಲ್ಲ. ಬರೂದಿಲ್ಲರಿ ಎಂದೆ.

"ಹಂಗಾದ್ರ ಆ ಮಾತ ನಿನ್ನ ದನಿಯಾಗ ಕಲಿ," ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡರು.

ಮರುದಿನ ಗುತ್ತಿಗೆದಾರರು ಬಂದಾಗ ಇಂಜಿನಿನವನನ್ನೂ ಕರೆದು ಇಬ್ಬರ ಎದುರಿಗೇ ಹೇಳಿದೆ. ಗುತ್ತಿಗೆದಾರರು ಒಂದು ಸಲ ಕೆಮ್ಮಿ ನಿಲ್ಲಿಸಿದರು. ಇಂಜಿನಿನವನು ನನ್ನನ್ನು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ತನ್ನ ಸುಲಿದ ಅಂಗೈಯನ್ನು ನೋಡಿಕೊಂಡು ಹಿತ್ತಲಿಗೆ ಹೋದ. ಅಂದಿನಿಂದ ನನ್ನ ಜೊತೆ ಮಾತಾಡಲಿಲ್ಲ, ಊಟ ಮಾತ್ರ ಪೂರಾ ಮಾಡತೊಡಗಿದ. ಗುತ್ತಿಗೆದಾರರು ಗಿರಮಿಟ್ಟನ್ನು ನನ್ನ ಕೈಯಿಂದ ತೆಗೆದು, ತಂತಿ ಕೂಡಿಸುವ ಪಟ್ಟಿ ಹೊಡೆಯುವ, ಮೊಳೆಗೆ ಮರದ ಗುಟ್ಟ ಸೀಳುವ ಕೆಲಸಕ್ಕೆ ನನ್ನನ್ನು ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ಮಿಸ್ತ್ರಿಯನ್ನು ಕರೆತರಲು ತಾವೇ ಮುಶಿಗೇರಿಗೆ ಹೋದರು. ಯಂತ್ರ ಯಾರ ಕೈಯಲ್ಲಾದರೂ ಇರಲಿ, ನಾಲ್ಕು ಬೆರಳಿಗೊಮ್ಮೆ ಅದನ್ನು ನಿಲ್ಲಿಸಿ ಗೋಡೆಗೆ ಕಿವಿಗೊಡುವುದು ಮಿಸ್ತ್ರಿಯ ಕೆಲಸ ಎಂದು ತೀರ್ಮಾನವಾಯಿತು.

ಕರೆಂಟು ಅಗಸಿ ದಾಟಿದ ದಿನ ಊರವರು ಆ ಮನೆಯ ಮುಂದೆ ನೆರೆದಿದ್ದರು. ಪಡಸಾಲೆಯ ಮೇನ್ ಸ್ವಿಚ್ಚಿನ ಹತ್ತಿರ ಕಾಕಾ, ಎಡಗೈ ಹಿಡಿಕೆಯ ಮೇಲೆ. ನಾನು ನಡುಮನೆಯಲ್ಲಿ ನಿಚ್ಚಣಿಕೆಯ ಮೇಲೆ, ದೀಪದ ಕೆಳಗೆ. ಪಕ್ಕದಲ್ಲಿ ಇಪ್ಪತ್ತಮೂರನೆಯ ತೂತು, ಪಿಂಗಾಣಿಯ ಕೊಳವೆ ಕೂತು, ಒಳಗೆ ಎರಡು ತಂತಿ. ಕಾಕಾ ಹಿಡಿಕೆ ಎತ್ತಿದರು. ದೀಪ ಹತ್ತಿತು. ಆಯಿ ಕೈ ಮುಗಿದರು. ಎಲ್ಲರೂ ಹೋ ಎಂದರು.

ನನಗೆ ಮಾತ್ರ ಚಿಟಿಚಿಟಿ ಸದ್ದು ಕೇಳಿತು. ಹೋಲ್ಡರಿನ ಒಂದು ತಿರುಪು ಸಡಿಲಿತ್ತು, ಕಿಡಿ ಹಾರಿ ಹೋಲ್ಡರು ಕೂತಿದ್ದ ಮರದ ದಿಂಡು ಕರಿಯಾಗುತ್ತಿತ್ತು. ಕೂಗಬೇಕು. ಗಂಟಲಲ್ಲಿ ಅದು ಎದ್ದು ನಿಂತಿತು, ಅದೇ ಒಡಕು, ಅದೇ ಎರಡು ಪದ, ನನಗಿಂತ ಮೊದಲು ಹೊರಡಲು ತಯಾರಾಗಿ. ಅದನ್ನು ಉಗುಳಿನ ಜೊತೆ ನುಂಗಿದೆ.

"ಬಂದ್ ಮಾಡ್ರಿ ಕಾಕಾ," ಎಂದೆ. ನನ್ನ ಪೀಪಿ ದನಿ ಮನೆಯ ತುಂಬ ಕಿರುಗುಟ್ಟಿತು. ಮಕ್ಕಳು ನಕ್ಕರು.

ದೀಪ ಹೋಯಿತು. ಪಡಸಾಲೆಯಿಂದ ಉತ್ತರ ಬಂತು.

"ದೊಡ್ಡದಾತೋ."

ನಾನು ತಂತಿ ಮುಟ್ಟಲಿಲ್ಲ. ಎರಡನೆಯ ಸಲಕ್ಕೆ ಕಾದೆ. ಗೋಡೆಗಳು ಸುಮ್ಮನಿದ್ದವು, ಕೊಳವೆ ಸುಮ್ಮನಿತ್ತು, ನನ್ನ ಗಂಟಲು ಸುಮ್ಮನಿತ್ತು. ಒಂದೇ ಸಲ ಕೇಳಿತ್ತು. ಆಮೇಲೆ ಕೈ ಹಾಕಿ ತಿರುಪು ಬಿಗಿದೆ.